ದೇವೇಂದ್ರಪ್ಪನ ಮಣ್ಣು

ಸೊಂಟದವರೆಗೆ ಹೂಳು. ಅಲುಗಾಡಿದರೆ ಇನ್ನೂ ಒಂದು ಗೇಣು ಒಳಗೆ...

ಯಲಬುರ್ಗಾ ತಾಲ್ಲೂಕು, ಮಂಗಳೂರು ಎಂಬ ಹಳ್ಳಿಯಿಂದಾಚೆ (ಕಡಲ ಮಂಗಳೂರಲ್ಲ) ಒಂದು ಕೆರೆ. ಮೇಲೆ ಒಣಗಿ ಬಿರಿದ ಕೆಂಪು ಮಣ್ಣು, ನೋಡಿದರೆ ಕ್ರಿಕೆಟ್ ಆಡಬಹುದು. ಒಳಗೆ ಅಂಬಲಿ. ಅಳತೆಯ ಸರಳು ಹಿಡಿದು, ನಂಬಿ ಕಾಲಿಟ್ಟೆ. ನಲವತ್ತೇಳಾದರೂ ನನಗೆ ಬುದ್ಧಿ ಬಂದಿಲ್ಲ ನೋಡಿ!

ಏರಿಯ ಮೇಲೆ ಪಕ್ಕೀರವ್ವ ನಿಂತಿದ್ದಳು. ಉದ್ಯೋಗ ಖಾತ್ರಿ ಕೂಲಿಗಳ ಮೇಟ್, ಅಂದರೆ ಮೇಸ್ತ್ರಿ. ಬೇಸಿಗೆಯಲ್ಲಿ ಅರವತ್ತು ಹೆಂಗಸರು ಇಲ್ಲಿ ಹೂಳು ತೆಗೆದರೆಂದು ಅವಳ ಮಾತು. ತೆಗೆದೇ ಇಲ್ಲ, ಎಲ್ಲ ಬೋಗಸ್ ಎಂದು ಸಾಹುಕಾರ ದೇವೇಂದ್ರಪ್ಪನ ದೂರು. ಪುರಾವೆ ಹುಡುಕಲು ಅವನು ಕರೆಸಿದ ಪ್ರೈವೇಟ್ ಡಿಟೆಕ್ಟಿವ್ ನಾನು. ಬೋಗಸ್ ಹೌದೆಂದು ನಾನು ಬರೆದರೆ ಅವಳಿಗೆ ಜೈಲು.

ಅಂಥವಳ ಕೈಯಲ್ಲಿ ಹಗ್ಗವಿತ್ತು.

"ಹಗ್ಗ ಒಗಿ ಯಕ್ಕಾ."

"ಒಗೀತೀನ್ರಿ. ಮೊದ್ಲ ಕಾಲಿಗೆ ಏನ್ ಹತ್ತತೈತಿ ಹೇಳ್ರಿ."

"ಸಾವು."

"ಎಡಕ್ಕ ಸರೀರಿ. ಇನ್ನಷ್ಟು."

ಸರಿದೆ. ಎದೆಯವರೆಗೆ ಮುಳುಗಿದೆ. ಗಾಬರಿಯಲ್ಲಿ ಸಿಕ್ಕಿದ್ದನ್ನು ಹಿಡಿದೆಳೆದೆ... ಕರಿ ಡ್ರಿಪ್ ಪೈಪು, ಅದಕ್ಕೆ ಸುತ್ತಿಕೊಂಡ ದಾಳಿಂಬೆ ಸಸಿ. ಆಗ ಎಡಗಾಲಿಗೆ ಗಟ್ಟಿ ನೆಲ ತಾಗಿತು.

"ಸಿಕ್ತಲ್ರಿ? ಎಷ್ಟು ಅಗದೀವಿ ಅಂತ ಅಳಿಯಾಕ ನಡುವ ಒಂದು ದಿಬ್ಬ ಅಗೀದಂಗ ಬಿಡ್ತೀವಿ. ಅದರ ತೆಲಿ ಮ್ಯಾಲ ನಿಂತೀರಿ."

ಕೈಯಲ್ಲಿದ್ದ ಸರಳನ್ನು ದಿಬ್ಬದ ಪಕ್ಕಕ್ಕೆ ಚುಚ್ಚಿದೆ. ನನ್ನ ಕಾಲಿನ ಮಟ್ಟಕ್ಕಿಂತ ಇನ್ನೂ ಮೂರು ಅಡಿ ಸರಸರ ಇಳಿಯಿತು. ಹೆಂಗಸರು ಅಗೆದಿದ್ದರು. ನನಗೆ ನಾಚಿಕೆಯಾಯಿತು.

"ಮತ್ತ ಈ ಹೂಳು?"

"ಶ್ರಾವಣ ಇಡೀ ಒಂದ್ ಹನಿ ಬರ್ಲಿಲ್ರಿ. ಆಮ್ಯಾಲ ಒಂದ ಮಧ್ಯಾಹ್ನ ವರ್ಷದ ಮಳಿ ಸುರೀತು. ಸಾವ್ಕಾರ್ರು ದಾಳಿಂಬಿ ಹಚ್ಚಾಕ ಗುಡ್ಡದ ಗಿಡಾ ಕಡದು, ಬದು ಕಿತ್ತಿದ್ರು. ಗುಡ್ಡನ ಇಳದು ಬಂತು. ನಾವು ತಗದಿದ್ದಕ್ಕಿಂತ ಹೆಚ್ಚು."

ಹಗ್ಗ ಬಂತು. ಹಿಡಿದೆ.

ಅಷ್ಟರಲ್ಲಿ ಏರಿಯ ಮೇಲೆ ಜೀಪು ನಿಂತಿತು. ದೇವೇಂದ್ರಪ್ಪ ಇಳಿದು ಬಂದ.

"ಅಳತಿ ಮುಗೀತೇನಪಾ?"

"ಮುಗೀತ್ರಿ ಸಾವ್ಕಾರ್ರ. ನಿಮ್ಮ ಗುಡ್ಡ ಸಿಕ್ತು."

ಪೈಪು ಎತ್ತಿ ತೋರಿಸಿದೆ. ಅವನ ಮುಖ ಕಪ್ಪಿಟ್ಟಿತು. ಬಂದವನೇ ಹಗ್ಗವನ್ನು ಬೂಟಿನಡಿ ಒತ್ತಿ ನಿಂತ.

"ಬೋಗಸ್ ಅಂತ ಬರೀತೀನಿ ಅನ್ನು. ಇಲ್ಲಾಂದ್ರ ಅಲ್ಲೇ ಇರು. ಮೋಡ ಆಗೇತಿ ನೋಡು."

ನಾನು ಬಾಯಿ ತೆರೆದೆ. ಬರೆಯುತ್ತೇನೆ ಎನ್ನಲಿಕ್ಕೇ ತೆರೆದದ್ದು, ಸುಳ್ಳೇಕೆ?

ಪಕ್ಕೀರವ್ವ ಹಗ್ಗ ಜಗ್ಗಿದಳು. ಬೇಸಿಗೆಯಿಡೀ ಮಣ್ಣು ಹೊತ್ತ ತೋಳು. ಸಾಹುಕಾರ ಅಂಗಾತ ಬಿದ್ದು, ಏರಿಯ ಮೇಲಿಂದ ಉರುಳಿ ತನ್ನದೇ ಮಣ್ಣಿಗೆ ಬಂದು ಬಿದ್ದ.

ನಾನು ಮೇಲೆ ಬಂದೆ. ಅವನನ್ನೂ ಅವಳೇ ಎಳೆದು ಹಾಕಿದಳು. ನಾನಾಗಿದ್ದರೆ ಬಿಡುತ್ತಿದ್ದೆ.

ವರದಿ ಬರೆದು, ದೂರು ಹೋಗಿದ್ದ ತಾಲ್ಲೂಕು ಪಂಚಾಯ್ತಿ ಆಫೀಸಿಗೇ ಕೊಟ್ಟೆ. ದಿಬ್ಬ, ಪೈಪು, ಗುಡ್ಡ, ಎಲ್ಲ. ಕೆರೆಯಲ್ಲಿ ತುಂಬಿರುವ ಮಣ್ಣೆಲ್ಲ ದೇವೇಂದ್ರಪ್ಪನ ಜಮೀನಿನದೇ ಎಂದು ಒತ್ತಿ ಒತ್ತಿ ಬರೆದೆ. ಪಕ್ಕೀರವ್ವನ ಮೇಲಿನ ದೂರು ವಜಾ ಆಯಿತು. ಎಷ್ಟೋ ವರ್ಷದ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ಮೊನ್ನೆ ಅವಳೇ ಫೋನ್ ಮಾಡಿದ್ದಳು. ಕೆರೆಗೆ ಬೇಲಿ ಬಿದ್ದಿದೆಯಂತೆ. ತನ್ನ ಜಮೀನು ಕೊಚ್ಚಿ ಬಂದು ಇಲ್ಲಿ ಕೂತಿದೆ, ಆದ್ದರಿಂದ ಕೆರೆಯಂಗಳ ತನಗೇ ಸೇರಬೇಕೆಂದು ದೇವೇಂದ್ರಪ್ಪ ಅರ್ಜಿ ಹಾಕಿದ್ದಾನೆ.

ಪುರಾವೆ ಏನು ಅಂತೀರಾ? ನನ್ನ ವರದಿ... ಸಹಿ ಸಮೇತ.