ಬಾಮೈದನ ಪಂಪು

ತಾನೇ ಸ್ಪ್ಯಾನರ್ ಹಿಡಿಯಲು ಕಲಿಸಿದ ಬಾಮೈದ ತನ್ನ ತಲೆಯ ಮೇಲೆ ಮುಖ್ಯಸ್ಥನಾಗಿ ಬಂದು ಕೂತಾಗ, ಸಾಬೂನು ಕಾರ್ಖಾನೆಯ ಹಿರಿಯ ಫಿಟ್ಟರನ ಹೊಟ್ಟೆಗೆ ಬೆಂಕಿ ಬಿತ್ತು. ಹೆಂಡತಿ ಬೇರೆ, "ಇನ್ಮೇಲೆ ನನ್ನ ತಮ್ಮನೇ ನಿಮಗೆ ಸಾಹೇಬ್ರು ಕಣ್ರೀ" ಎಂದು ಕಿಸಕ್ಕನೆ ನಕ್ಕಳು.

ಹೊಡೆದಾಟ ಬಡಿದಾಟ ಅವನ ಘನತೆಗೆ ತಕ್ಕದ್ದಲ್ಲ. ಅವನು ಆರಿಸಿಕೊಂಡ ಆಯುಧ ನೀರು. ಬಾಮೈದ ಹಟ ಹಿಡಿದು ತರಿಸಿದ ಹೊಸ ಪಂಪಿಗೆ ಮೇಲಿನ ತೊಟ್ಟಿಯಿಂದ ಸಾಕಷ್ಟು ಒತ್ತಡದಲ್ಲಿ ನೀರು ಇಳಿದು ಬರಬೇಕು. ಅದು ಸಾಲದೆ ಹೋದರೆ ಪಂಪಿನೊಳಗೆ ತಣ್ಣೀರೇ ಕುದಿದಂತೆ ಗುಳ್ಳೆ ಏಳುತ್ತದೆ. ಆ ಗುಳ್ಳೆಗಳು ಒಡೆಯುತ್ತ ಒಡೆಯುತ್ತ ಒಳಗಿನ ಚಕ್ರದ ಲೋಹವನ್ನೇ ಕಿತ್ತು ತಿನ್ನುತ್ತವೆ. ಗುಳ್ಳೆ ತಿಂದ ಕಬ್ಬಿಣದ ಮೇಲೆ ಯಾವ ಪೊಲೀಸು ಯಾರ ಬೆರಳಚ್ಚು ಹುಡುಕಿಯಾನು? ಪಂಪು ಹಾಳಾದರೆ ಬಾಮೈದನ ಕುರ್ಚಿ ಹೋಯಿತು. ಖಾಲಿ ಕುರ್ಚಿಗೆ ತಾನಲ್ಲದೆ ಇನ್ಯಾರು?

ದಿನಾ ಬೆಳಿಗ್ಗೆ, ಬಾಮೈದ ಮೀಟಿಂಗಿಗೆ ಹೋದ ಮೇಲೆ, ಅವನು ತೊಟ್ಟಿಯ ಹಿಂದಿನ ಗುಂಡಿಗಿಳಿದು ಪಂಪಿಗೆ ನೀರು ಬಿಡುವ ವಾಲ್ವನ್ನು ಒಂಬತ್ತು ಸುತ್ತು ಬಿಗಿ ಮಾಡುತ್ತಿದ್ದ. ಸಂಜೆ ಒಂಬತ್ತು ಸುತ್ತು ಸಡಿಲ. ಇಷ್ಟು ಶ್ರದ್ಧೆಯಿಂದ ಅವನು ಕಾರ್ಖಾನೆಯ ಕೆಲಸವನ್ನು ಎಂದೂ ಮಾಡಿರಲಿಲ್ಲ.

"ಭಾವ, ಒಳಗೆ ಜಲ್ಲಿಕಲ್ಲು ಹಾಕಿ ಕುಲುಕಿದ ಹಾಗೆ ಸದ್ದು ಬರ್ತಿದೆಯಲ್ಲ?" ಎಂದು ಬಾಮೈದ ಒಂದು ಮಧ್ಯಾಹ್ನ ಕೇಳಿದ.

"ಹೊಸ ಚಪ್ಪಲಿ ಕಚ್ಚಲ್ವೇನೋ? ಹಾಗೇ ಇದು. ನಾಲ್ಕು ದಿನ ಹೋದ್ರೆ ಸರಿಹೋಗುತ್ತೆ."

ಮೂರನೇ ತಿಂಗಳಿಗೆ ಪಂಪು ಕೈಕೊಟ್ಟಿತು. ಬಿಚ್ಚಿ ನೋಡಿದರೆ ಚಕ್ರಕ್ಕೆ ಗೆದ್ದಲು ಹಿಡಿದಂತಿತ್ತು. ವಿಚಾರಣೆಗೆ ಬಂದ ಎಂಜಿನಿಯರ್ ಹೆಂಗಸಿನ ಮುಂದೆ ಅವನು ಮುಖ ಸಣ್ಣಗೆ ಮಾಡಿಕೊಂಡ. "ಏನ್ ಹೇಳ್ಲಿ ಮೇಡಂ, ನಮ್ಮ ಹುಡುಗನೇ. ತೊಟ್ಟೀನ ಇನ್ನೂ ಎತ್ತರದಲ್ಲಿ ಕೂರಿಸಬೇಕಿತ್ತು. ಎಡವಿಬಿಟ್ಟ." ಕಣ್ಣಲ್ಲಿ ನೀರೂ ಬಂತು, ಅದಕ್ಕೆ ಒತ್ತಡ ಸಾಕಷ್ಟಿತ್ತು.

ಆಕೆ ತೊಟ್ಟಿಯ ಎತ್ತರ ಅಳೆದಳು. ಬೇಕಾದ್ದಕ್ಕಿಂತ ಒಂದು ಮೊಳ ಜಾಸ್ತಿಯೇ ಇತ್ತು. ಆಮೇಲೆ ಟಾರ್ಚು ಹಿಡಿದು ಗುಂಡಿಗಿಳಿದಳು. ಭಾವ ಬಾಮೈದ ಇಬ್ಬರೂ ಹಿಂದೆಯೇ ಇಳಿದರು. ಅಲ್ಲಿದ್ದ ಆರು ಹಳೆಯ ವಾಲ್ವುಗಳಲ್ಲಿ ಐದು ತುಕ್ಕು ಹಿಡಿದು, ಜೇಡರ ಬಲೆ ಹೊದ್ದು ಕೂತಿದ್ದವು. ಪಂಪಿಗೆ ನೀರು ಬಿಡುವ ಆರನೆಯದರ ಹಿಡಿ ಮಾತ್ರ ಬೆಳಗಿದ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು. "ಇದನ್ನ ದಿನಾ ತಿರುಗಿಸೋರು ಯಾರು?" ಎಂದಳು. ಬಾಮೈದನೇ ಅಭಿಮಾನದಿಂದ ಮುಂದೆ ಬಂದ: "ನಮ್ಮ ಭಾವ ಮೇಡಂ! ಈ ಗುಂಡಿಗೆ ಅವರು ಬಿಟ್ರೆ ಬೇರೆ ಯಾರೂ ಇಳಿಯಲ್ಲ. ನನ್ನ ಪಂಪನ್ನ ಅಷ್ಟು ಜೋಪಾನವಾಗಿ ನೋಡ್ಕೊಂಡಿದ್ರು."