ಉಳಿದ ಇಪ್ಪತ್ತೊಂದು ಕೋಳಿಗಳು

ಕಾಯೇತಾನೊ ಟೋಪಿ ಕೈಯಲ್ಲಿ ಹಿಡಿದು ನೆರೆಯ್ದಾಳ ಜಗಲಿಗೆ ಬಂದಾಗ ಯೂಲೆಯ್ಸಿ ಸತ್ತು ಮೂರು ದಿನವಾಗಿತ್ತು. ಇಪ್ಪತ್ತೆರಡು ವರ್ಷದ ಬಾಣಂತಿ, ಚೊಚ್ಚಲ ಹೆಣ್ಣುಮಗು. ಪಟ್ಟಣದ ಆಸ್ಪತ್ರೆಯಲ್ಲಿ ಮೂರು ಬಗೆಯ ಔಷಧಿ ಕೊಟ್ಟರೂ ಜ್ವರ ಜಗ್ಗಲಿಲ್ಲವಂತೆ. ಕೋಳಿಗೆ ಹಾಕುವ ಔಷಧಿಯಿಂದಲೂ ಕ್ರಿಮಿಗಳು ಹೀಗೆ ಮೊಂಡಾಗುತ್ತವೆ ಎಂದು ಅಲ್ಲಿನ ಡಾಕ್ಟರು ಅಂದದ್ದೇ ತಡ, ಕಯಾಪಾಸ್ ಹೊಳೆಯ ದಂಡೆಯ ಆ ಊರು ಒಬ್ಬನ ಕಡೆಗೆ ಬೊಟ್ಟು ಮಾಡಿತು. ಊರಲ್ಲಿ ಕೋಳಿ ಫಾರಂ ಇದ್ದದ್ದು ಕಾಯೇತಾನೊಗೆ ಮಾತ್ರ.

"ಯೂಲೆಯ್ಸಿ ತೀರಿಕೊಂಡ ಒಂಬತ್ತನೇ ದಿನದ ಪ್ರಾರ್ಥನೆ ಮುಗೀತಿದ್ದ ಹಾಗೇ ಎಬೇರ್ ನನ್ನ ಶೆಡ್ಡಿಗೆ ಬೆಂಕಿ ಇಡ್ತಾನಂತೆ, ಅಕ್ಕಾ. ಹೆಂಡ್ತಿ ಕಳಕೊಂಡೋನು, ಹೇಳಿದ್ರೆ ಕೇಳಲ್ಲ. ಶೆಡ್ಡಿಗೆ ಅಂಟಿಕೊಂಡೇ ನನ್ನ ಮನೆ. ಒಳಗೆ ಹಾಸಿಗೆ ಹಿಡಿದ ನಮ್ಮವ್ವ ಇದಾಳೆ."

ನೆರೆಯ್ದಾ ಮೂವತ್ತು ವರ್ಷ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವಳು. ಕಳೆದುಹೋದ ದೋಣಿಯಿಂದ ಹಿಡಿದು ಕದ್ದು ಬಸಿರಾದವರ ಗುಟ್ಟಿನವರೆಗೆ ಊರಿನ ಎಲ್ಲ ಒಗಟೂ ಅವಳ ಜಗಲಿಗೇ ಬರುತ್ತಿದ್ದವು. ಅವಳ ಬೆನ್ನಿಗೆ ಸದಾ ಬಾಸಿಲಿಯೊ. ಊರಿಗೂ ಪಟ್ಟಣಕ್ಕೂ ಮೋಟಾರು ದೋಣಿ ಓಡಿಸುವವನು, ಎಲ್ಲರ ಗಂಟುಮೂಟೆ ಹೊರುವವನು. ಯೂಲೆಯ್ಸಿಯನ್ನು ಬಾಣಂತನದ ಹತ್ತೊಂಬತ್ತನೇ ದಿನ ಆಸ್ಪತ್ರೆಗೆ ಒಯ್ದವನೂ ಅವನೇ. ದಾರಿಯುದ್ದಕ್ಕೂ ಅವಳು ಮಗುವಿನ ಹೆಸರನ್ನೇ ಕನವರಿಸಿದ್ದು ಅವನ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಇಬ್ಬರೂ ಮೊದಲು ಶೆಡ್ಡಿಗೆ ಹೋದರು. ಬಾಗಿಲಿಗೆ ಜೇಡರ ಬಲೆ. ಆರು ತಿಂಗಳ ಹಿಂದೆ ಊರಿಗೆ ಬಿದ್ದ ಕೋಳಿರೋಗದಲ್ಲಿ ತನ್ನವೆಲ್ಲ ಸತ್ತವು, ಹೆಣಗಳನ್ನು ಹೊಳೆಗೆ ಎಸೆದದ್ದು ತನ್ನ ತಪ್ಪು, ಆಮೇಲೆ ಒಂದು ಮರಿಯನ್ನೂ ತಂದಿಲ್ಲ ಎಂದು ಕಾಯೇತಾನೊ ಒಪ್ಪಿಕೊಂಡ.

"ಹೊಳೆ ನೀರಿಂದಲೇ ಬಂದಿರಬಹುದಲ್ಲ?" ಎಂದ ಬಾಸಿಲಿಯೊ.

"ಹೊಳೇಲಿ ಊರೆಲ್ಲ ಮೀಯುತ್ತಪ್ಪ. ಜ್ವರ ಬಂದದ್ದು ಒಬ್ಬಳಿಗೇ," ಎಂದಳು ನೆರೆಯ್ದಾ.

ಅಲ್ಲಿಂದ ಯೂಲೆಯ್ಸಿಯ ಅತ್ತೆ ಪೆತ್ರೋನಾಳ ಮನೆಗೆ. ಆ ಸೀಮೆಯಲ್ಲಿ ಬಾಣಂತನವೆಂದರೆ ನಲವತ್ತು ದಿನ, ದಿನಕ್ಕೊಂದು ನಾಟಿಕೋಳಿಯ ಸಾರು, ಮೈಗೆ ಸೊಪ್ಪು ಹಾಕಿ ಕಾಯಿಸಿದ ನೀರು. ಸೊಸೆ ಬಸಿರಾದ ದಿನದಿಂದಲೇ ಅತ್ತೆಯಾದವಳು ಕೋಳಿ ಎಣಿಸಿಡಬೇಕು. ಅಂಗಳದಲ್ಲಿ ಕೆದಕುತ್ತಿದ್ದವನ್ನು ಬಾಸಿಲಿಯೊ ಸುಮ್ಮನೆ ಎಣಿಸಿದ. ಇಪ್ಪತ್ತೊಂದು.

"ನಲವತ್ತು ಸಾಕಿದ್ದೆ, ಒಂದೂ ಸಾಯ್ಲಿಲ್ಲ," ಎಂದು ಪೆತ್ರೋನಾ ಬರಿಗೈಯಿಂದಲೇ ಕಣ್ಣೊರೆಸಿಕೊಂಡಳು. "ತಿನ್ನೋಳೇ ಹೋದ್ಲು." ಮೊಮ್ಮಗು ಅವಳ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು.

ಬೇಲಿಯ ಮೇಲೆ ದೊಡ್ಡ ಅಲ್ಯೂಮಿನಿಯಂ ಬೋಗುಣಿ ಬೋರಲು ಬಿದ್ದಿತ್ತು. ಮನೆಯಲ್ಲಿದ್ದ ದೊಡ್ಡ ಪಾತ್ರೆ ಅದೊಂದೇ. ಅದರ ಅಂಚಿನ ಮಡಿಕೆಯಲ್ಲಿ ಒಣಗಿದ ಸೊಪ್ಪಿನ ಚೂರು, ಜೊತೆಗೆ ಒಂದು ಪುಟ್ಟ ಪುಕ್ಕ. ನೆರೆಯ್ದಾ ಅಲ್ಲಿಂದಲೂ ಅಂಗಳದ ಹಿಕ್ಕೆಯಿಂದಲೂ ಹತ್ತಿಯಲ್ಲಿ ಒರೆಸಿ ಸೀಸೆಗೆ ಹಾಕಿದಳು. ಅಡುಗೆಮನೆಯ ಹಲಗೆಯ ಮೇಲೆ ಕೋಳಿಯ ಚಿತ್ರವಿದ್ದ ಒಂದು ಪೊಟ್ಟಣ ಕಂಡಿತು. ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ಓದಿದಳು. ಅವಳ ಮುಖ ಬಿಳಚಿಕೊಂಡದ್ದನ್ನು ಬಾಸಿಲಿಯೊ ನೋಡಿದ.

ಸೀಸೆಗಳನ್ನು ಅವನು ಆಸ್ಪತ್ರೆಗೆ ಮುಟ್ಟಿಸಿದ. ಒಂಬತ್ತನೇ ದಿನ ಮಧ್ಯಾಹ್ನ ಉತ್ತರದ ಕಾಗದ ಹಿಡಿದು ಬರುವಷ್ಟರಲ್ಲಿ ಪೆತ್ರೋನಾಳ ಮನೆಯಲ್ಲಿ ಊರು ಸೇರಿತ್ತು. ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಎಬೇರ್ ಬಾಗಿಲ ಬಳಿ ನಿಂತಿದ್ದ, ಕಾಲ ಬುಡದಲ್ಲಿ ಸೀಮೆಎಣ್ಣೆ ಡಬ್ಬ.

"ಡಬ್ಬ ಇರ್ಲಿ, ಎರಡು ಮಾತು ಕೇಳಪ್ಪ," ಎಂದಳು ನೆರೆಯ್ದಾ. ಕಾಯೇತಾನೊನ ಶೆಡ್ಡು ಆರು ತಿಂಗಳಿಂದ ಖಾಲಿ, ಹೊಳೆಯ ನೀರಾಗಿದ್ದರೆ ಊರಿಗೂರೇ ಮಲಗುತ್ತಿತ್ತು ಎಂದು ಮೊದಲು ಬಿಡಿಸಿ ಹೇಳಿದಳು. ಆಮೇಲೆ ಎಲ್ಲರನ್ನೂ ನೋಡಿ ಕೇಳಿದಳು. "ಆ ಕೋಳಿರೋಗದಲ್ಲಿ ಯಾರ ಮನೆ ಕೋಳಿ ಉಳೀತು?"

ಎಲ್ಲರೂ ಹೊರಗೆ ನೋಡಿದರು. ಅಂಗಳದಲ್ಲಿ ಕೋಳಿಗಳು ಕೆದಕುತ್ತಲೇ ಇದ್ದವು.

"ವಿಟಮಿನ್ ಹಾಕ್ತಿದ್ದೆ," ಎಂದಳು ಪೆತ್ರೋನಾ ಮೆಲ್ಲಗೆ. "ದಿನಾ ನೀರಿಗೆ ಒಂದು ಚಮಚ. ಪಟ್ಟಣದ ಅಂಗಡಿಯವನು ಹಂಗೇ ಹೇಳಿದ್ದ. ಒಂದು ಕೋಳಿ ಕಮ್ಮಿಯಾಗಿದ್ರೂ ಸೊಸೆಗೆ ಒಂದು ದಿನದ ಸಾರು ತಪ್ಪಿಸಿದ್ಲು ಅಂತಿರ್ಲಿಲ್ವಾ ನೀವೆಲ್ಲ?"

ಅದು ವಿಟಮಿನ್ ಅಲ್ಲ, ಆಸ್ಪತ್ರೆಯಲ್ಲಿ ಯೂಲೆಯ್ಸಿಗೆ ಕೊಟ್ಟ ಔಷಧಿಗಳದೇ ಜಾತಿ ಎಂದು ನೆರೆಯ್ದಾ ತಿಳಿಸಿದಳು. ದಿನವೂ ಚೂರುಚೂರು ಕುಡಿಸಿದರೆ ಕೋಳಿಯ ಹೊಟ್ಟೆಯಲ್ಲಿ ಬಡಕಲು ಕ್ರಿಮಿಗಳು ಸತ್ತು, ಗಟ್ಟಿಯವು ಉಳಿದು ಸಂತಾನ ಬೆಳೆಸುತ್ತವೆ. ಆಮೇಲೆ ಆ ಔಷಧಿ ಅವಕ್ಕೆ ಬರೀ ನೀರು. ಸಾರು ಕುದ್ದಿತ್ತು, ಅದರಿಂದ ತೊಂದರೆಯಿಲ್ಲ. ಆದರೆ ಬೆಳಿಗ್ಗೆ ಕೋಳಿ ಹಸನು ಮಾಡಿದ ಬೋಗುಣಿಯನ್ನೇ ಬರೀ ನೀರಲ್ಲಿ ಗಲಬರಿಸಿ, ಮಧ್ಯಾಹ್ನ ಅದರಲ್ಲೇ ಸೊಪ್ಪಿನ ನೀರನ್ನು ಉಗುರುಬೆಚ್ಚಗೆ ಮಾಡಿ, ಬಾಣಂತಿಯ ಹೊಲಿಗೆ ಹಾಕಿದ ಗಾಯಕ್ಕೆ ಪೆತ್ರೋನಾ ಎರೆದಿದ್ದಳು. ಬೋಗುಣಿಯಲ್ಲಿ, ಹಿಕ್ಕೆಯಲ್ಲಿ, ಯೂಲೆಯ್ಸಿಯ ರಕ್ತದಲ್ಲಿ ಸಿಕ್ಕಿದ್ದು ಒಂದೇ ಕ್ರಿಮಿ ಎಂದು ಕಾಗದ ಹೇಳುತ್ತಿತ್ತು.

"ಪೆತ್ರೋನಾ ಒಬ್ಬಳನ್ನೇ ನೋಡ್ಬೇಡಿ," ಎಂದಳು ನೆರೆಯ್ದಾ. "ಏಳನೇ ತಿಂಗಳಲ್ಲಿ ಯೂಲೆಯ್ಸಿಯ ಹೊಟ್ಟೆ ನೋಡೋಕೆ ಬಂದಾಗ ಆ ಪೊಟ್ಟಣ ನಂಗೂ ಕಂಡಿತ್ತು. ಕನ್ನಡಕ ಮನೇಲಿತ್ತು. ಕೋಳಿ ಚಿತ್ರ ನೋಡಿ ಸುಮ್ಮನಾದೆ."

"ತಿಂಗಳು ತಿಂಗಳು ತಂದುಕೊಟ್ಟಿದ್ದು ನಾನು," ಎಂದ ಬಾಸಿಲಿಯೊ. ಹೇಳಬೇಕೆಂದುಕೊಂಡಿರಲಿಲ್ಲ, ಬಾಯಿಂದ ಬಂದುಬಿಟ್ಟಿತು. ಯೂಲೆಯ್ಸಿಯನ್ನು ಕೂರಿಸಿಕೊಂಡು ಹೋದ ಅದೇ ದೋಣಿಯಲ್ಲಿ ತಂದಿದ್ದ.

ಎಬೇರ್ ಡಬ್ಬವನ್ನು ಕಾಲಿಂದ ಪಕ್ಕಕ್ಕೆ ಸರಿಸಿ ಅಲ್ಲೇ ಕುಸಿದು ಕೂತ. ತಾಯಿಯನ್ನು ಬೈಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಪೆತ್ರೋನಾ ಮಗುವನ್ನು ತಂದು ಅವನ ಮಡಿಲಿಗೆ ಹಾಕಿ, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಒರಗಿದಳು. ಮಗು ಎದ್ದು ಅಳತೊಡಗಿತು. ಅಪ್ಪ ಎಷ್ಟು ತಟ್ಟಿದರೂ ಸುಮ್ಮನಾಗಲಿಲ್ಲ.

"ಎತ್ತಿಕೋ ಪೆತ್ರೋನಾ, ನಿನ್ನನ್ನೇ ಕೇಳ್ತಿದೆ," ಎಂದಳು ನೆರೆಯ್ದಾ.

"ಈ ಕೈ ಬೇಡ, ಅಕ್ಕಾ."

ನೆರೆಯ್ದಾ ಬಾಸಿಲಿಯೊನ ಮುಖ ನೋಡಿದಳು. ಅವನು ಸೋಪು ಹುಡುಕಿ ತಂದ, ಬಿಂದಿಗೆಯಿಂದ ನೀರು ಹುಯ್ದ. ನೆರೆಯ್ದಾ ಆ ಮುದಿ ಕೈಗಳನ್ನು ಬಲವಂತವಾಗಿ ಮುಂದೆ ಎಳೆದು, ಬೆರಳು ಬೆರಳಿಗೂ ಸೋಪು ಹಚ್ಚಿ, ಉಗುರಿನ ಸಂದಿನವರೆಗೂ ತಿಕ್ಕಿ ತೊಳೆದಳು. ಊರು ನೋಡುತ್ತ ನಿಂತಿತ್ತು. ಆಮೇಲೆ ಎಬೇರ್ ತಾನೇ ಎದ್ದು ಬಂದು, ಅಮ್ಮನ ಒದ್ದೆ ಕೈಗಳಲ್ಲಿ ಮಗುವನ್ನು ಇಟ್ಟ.