ದೆಬೋರಾಳ ಬ್ರೇಕು

“ಸಹಿ ಹಾಕಲ್ಲ, ಸಿಸ್ಟರ್ ವರ್ಬೀನಾ. ಏನು ಬೇಕಾದ್ರೂ ಮಾಡ್ಕೊಳ್ಳಲಿ, ನಾನು ಹಾಕಲ್ಲ.”

ಭಾನುವಾರದ ಆರಾಧನೆ ಮುಗಿಸಿ ನಾನೂ ವರ್ಬೀನಾ ಅವರೂ ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಡೆಲ್ಫೀನ್ ಓಕ್ಸ್ ಬಾಗಿಲನ್ನು ಭುಜದಿಂದ ನೂಕಿಕೊಂಡು ಒಳಗೆ ಬಂದಳು. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ. ವಯಸ್ಸು ಮೂವತ್ತನಾಲ್ಕು, ಒಹಾಯೊದ ನಮ್ಮ ಆ ಮೂಲೆಯಲ್ಲಿ ಸ್ವಂತ ಗ್ಯಾರೇಜು ನಡೆಸುವ ಹೆಂಗಸು ಅವಳೊಬ್ಬಳೇ. ಬಿಳಿ ಉಡುಪು ತೊಟ್ಟು ಬಂದಿದ್ದರೂ ಉಗುರಿನ ಸಂದಿಯ ಗ್ರೀಸು ಹೋಗಿರಲಿಲ್ಲ.

ಚರ್ಚಿನವರೆಲ್ಲ ‘ಸಿಸ್ಟರ್’ ಎಂದು ಕರೆಯುವ ವರ್ಬೀನಾ ಕೋಲ್ಸ್ ಹಾಳೆಯನ್ನು ತೆಗೆದುಕೊಂಡು ನಿಧಾನವಾಗಿ ಓದಿದರು. ಮೂವತ್ತೊಂದು ವರ್ಷ ವಿಮೆಯ ಕಂಪನಿಯೊಂದರಲ್ಲಿ ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿದವರು ಅವರು. ನಿವೃತ್ತಿಯಾದ ಮೇಲೂ ಮಿಲ್‌ಬ್ರೂಕಿನಲ್ಲಿ ಏನಾದರೂ ಬಗೆಹರಿಯದಿದ್ದರೆ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಇಷ್ಟಾಗಿ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ನಗರದ ಬಸ್ಸು ಓಡಿಸಿದ ನಾನು, ಕ್ಲೆಮ್ ಹ್ಯಾಡ್ಲಿ, ಅವರನ್ನು ಎಲ್ಲೆಡೆ ಕರೆದೊಯ್ಯುತ್ತಿದ್ದೆ. ನೋಡುವ ಕೆಲಸ ಅವರದು, ಕೇಳಿಸಿಕೊಳ್ಳುವ ಕೆಲಸ ನನ್ನದು.

“‘ಹೊರೇಸ್ ಟಾಲಿವರ್ ಅವರ ಅಪಘಾತಕ್ಕೆ ನನ್ನ ಅಜಾಗರೂಕತೆಯೇ ಕಾರಣ. ಇನ್ನು ಮುಂದೆ ಹಳೆಯ ಕಾರುಗಳ ಕೆಲಸ ಮಾಡುವುದಿಲ್ಲ.’ ಯಾರು ಬರೆದಿದ್ದು ಇದನ್ನ?”

“ಹಳೇ ಕಾರುಗಳ ಕ್ಲಬ್ಬಿನ ಅಧ್ಯಕ್ಷರು, ಥರ್ಮನ್ ಗೇಲ್. ನಾಲ್ಕು ಗಂಟೆಗೆ ಗ್ಯಾರೇಜಿಗೆ ಬರ್ತಾರಂತೆ. ಸಹಿ ಹಾಕಿದ್ರೆ ವಿಷಯ ಅಲ್ಲಿಗೆ ಮುಗೀತಂತೆ. ಹಾಕದಿದ್ರೆ ಪೊಲೀಸ್ ಕಂಪ್ಲೇಂಟು, ಲೈಸೆನ್ಸು ರದ್ದು. ಹಾಕಿದ್ರೂ ಗ್ಯಾರೇಜು ಮುಚ್ಚಬೇಕು, ಹಾಕದಿದ್ರೂ ಮುಚ್ಚಬೇಕು. ಹಂಗಿದ್ಮೇಲೆ ಸುಳ್ಳು ಯಾಕೆ ಹೇಳ್ಲಿ?”

“ಕೂತ್ಕೋ ಮಗಳೇ. ಮೊದಲಿಂದ ಹೇಳು.”

ಹೊರೇಸ್‌ನ ಕಾರು ಊರಿಗೆಲ್ಲ ಗೊತ್ತು. ಅರವತ್ತಾರರಲ್ಲಿ ತಯಾರಾದದ್ದು, ಕಡುನೀಲಿ ಬಣ್ಣ, ದೊಡ್ಡ ಎಂಜಿನ್ನು. ಉಕ್ಕಿನ ಕಾರ್ಖಾನೆಯ ಮೊದಲ ಸಂಬಳಗಳನ್ನು ಕೂಡಿಟ್ಟು ಕೊಂಡು, ಬೈಬಲಿನಲ್ಲಿ ಇಸ್ರಾಯೇಲಿಗೆ ನ್ಯಾಯ ಹೇಳಿದ ಆ ತಾಯಿಯ ನೆನಪಿಗೆ ದೆಬೋರಾ ಎಂದು ಹೆಸರಿಟ್ಟಿದ್ದ. ಕಾರಿಗೀಗ ನಲವತ್ತು ವರ್ಷ, ಹೊರೇಸ್‌ಗೆ ಅರವತ್ತನಾಲ್ಕು. ಓಡುವಾಗ ಚಿರತೆಯಾಗಿದ್ದ ದೆಬೋರಾ ನಿಲ್ಲುವಾಗ ಮಾತ್ರ ಜಾರುಬಂಡೆ: ನಾಲ್ಕೂ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕು, ತಿರುವಿನಲ್ಲಿ ಓಲಾಡುವ ಸ್ಪ್ರಿಂಗು. ಆ ಬೇಸಿಗೆಯಲ್ಲಿ ಡೆಲ್ಫೀನ್ ಅದಕ್ಕೆ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಿದ್ದಳು. ಬ್ರೇಕ್ ಆಯಿಲಿಗೆ ಮೊದಲಿದ್ದ ಒಂಟಿ ಡಬ್ಬಿ ತೆಗೆದು ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಎಂದು ಎರಡು ಕೋಣೆಯ ಡಬ್ಬಿ ಕೂರಿಸಿದ್ದಳು.

“ಶುಕ್ರವಾರ ನಾಲ್ಕಕ್ಕೆ ನಾನೇ ಬೆಟ್ಟದ ರಸ್ತೇಲಿ ಓಡಿಸಿ ನೋಡ್ದೆ. ಬ್ರೇಕ್ ಪೆಡಲ್ಲು ಕಲ್ಲಿನಷ್ಟು ಗಟ್ಟಿ! ಐದಕ್ಕೆ ತಂದು ನಿಲ್ಸಿ, ಮಡ್‌ಗಾರ್ಡು ನೆಲದಿಂದ ಎಷ್ಟೆತ್ತರ ಇದೆ ಅಂತ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರ್ದೆ. ಆರಕ್ಕೆ ಬೀಗ ಹಾಕಿ ಇಲ್ಲಿ ಕಾಯರ್ ಹಾಡಿನ ಅಭ್ಯಾಸಕ್ಕೆ ಬಂದೆ. ಬ್ರದರ್ ಕ್ಲೆಮ್ ಅಲ್ಲೇ ಇದ್ರಲ್ಲ.”

ನಾನು ತಲೆಯಾಡಿಸಿದೆ. ಕೀರ್ತನೆಗಳನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿ ಬೆಳೆದವನು ನಾನು. ಹಾಡುವವರ ಸಾಲಿನಲ್ಲಿ ಒಂದು ದನಿ ಕಡಿಮೆಯಾದರೂ ನನಗೆ ತಿಳಿಯುತ್ತದೆ. ಎಂಟು ಗಂಟೆಯವರೆಗೆ ಡೆಲ್ಫೀನಳ ದನಿ ಅಲ್ಲೇ ಇತ್ತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹೊರೇಸ್ ಬಂದು ಗಾಡಿ ತೆಗೆದುಕೊಂಡು ಹೊರಟ. ಮಿಲ್ ಬೀದಿಯ ಇಳಿಜಾರಿನ ಕೊನೆಯಲ್ಲಿ ಬಸ್ಸೊಂದು ಅಡ್ಡ ಬಂತು. ಒತ್ತಿದ ಬ್ರೇಕು ನೆಲ ಮುಟ್ಟಿತು. ದೆಬೋರಾ ಬಲಕ್ಕೆ ತಿರುಗಿ ಲಾಂಡ್ರಿಯ ಗೋಡೆಗೆ ಗುದ್ದಿದಳು. ಹೊರೇಸ್‌ನ ಮಣಿಕಟ್ಟು ಮುರಿಯಿತು. ಗಾಡಿಯನ್ನು ಎಳೆದು ತಂದು ನೋಡಿದರೆ ಎಲ್ಲೂ ಸೋರಿಕೆಯಿಲ್ಲ, ಡಬ್ಬಿಯಲ್ಲಿ ಆಯಿಲು ತುಂಬಿದೆ. ಆದರೆ ಮುಂದಿನ ಕೊಳವೆಗಳಲ್ಲಿ ಬರೀ ಗಾಳಿ. ಗಾಳಿ ಸೇರಿದರೆ ಬ್ರೇಕು ಹಿಡಿಯದು; ಆಯಿಲು ತುಂಬುವಾಗ ಅದನ್ನು ಸರಿಯಾಗಿ ತೆಗೆದಿಲ್ಲ, ಹುಡುಗಿಯದೇ ತಪ್ಪು ಎಂದು ಊರು ತೀರ್ಮಾನಿಸಿತು.

“ಹಾಗಿದ್ರೆ ನಡಿ, ಕ್ಲೆಮ್,” ಎಂದು ವರ್ಬೀನಾ ಟೋಪಿ ಸರಿಮಾಡಿಕೊಂಡರು. “ಕಾಫಿ ಹೇಗೂ ಆರಿದೆ.”

ಗ್ಯಾರೇಜು ಒಂದು ಉದ್ದನೆಯ ಶೆಡ್ಡು. ಅರ್ಧದಲ್ಲಿ ಡೆಲ್ಫೀನಳ ಕೆಲಸ, ಇನ್ನರ್ಧದಲ್ಲಿ ಎಮ್ಮೆಟ್ ಸ್ಲೋನ್‌ನ ಬಣ್ಣದ ಕೆಲಸ. ನಡುವೆ ಒಂದು ಬಾಗಿಲು. ಡೆಲ್ಫೀನಳ ತಂದೆಯ ಕಾಲದಿಂದ ಇಪ್ಪತ್ತೆರಡು ವರ್ಷ ಎಮ್ಮೆಟ್ ಅಲ್ಲೇ ಇದ್ದ. ದೆಬೋರಾಳ ಕಡುನೀಲಿಯೂ ಅವನ ಕೈಯದೇ. ನಮ್ಮನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಬಂದ.

“ಸಹಿ ಹಾಕ್ಬಿಡು ಮಗಳೇ,” ಎಂದ ಮೆತ್ತಗೆ. “ನಿಮ್ಮಪ್ಪನ ಹೆಸ್ರು ಕೋರ್ಟಿಗೆ ಹೋಗೋದು ಬೇಡ. ಇಲ್ಲಿನದು ಹೇಗೋ ನಾನು ನೋಡ್ಕೋತೀನಿ.”

“ಅಪ್ಪನ ಹೆಸ್ರು ಉಳಿಸೋಕೇ ಹಾಕ್ತಿಲ್ಲ ಎಮ್ಮೆಟ್ ಅಂಕಲ್.”

ವರ್ಬೀನಾ ದೆಬೋರಾಳನ್ನು ಒಂದು ಸುತ್ತು ಬಂದರು. ಬಲಗಡೆ ನುಜ್ಜುಗುಜ್ಜು, ಎಡಗಡೆ ಒಂದು ಗೀರೂ ಇಲ್ಲ. ಮೈಯೆಲ್ಲ ಹಿಟ್ಟು ಚೆಲ್ಲಿದಂತೆ ಬಿಳಿಯ ಧೂಳು.

“ಶುಕ್ರವಾರವೆಲ್ಲ ಅಂಕಲ್ ಪಕ್ಕದ ಕೋಣೇಲಿ ಪ್ರೈಮರ್ ಬಣ್ಣ ಉಜ್ತಾ ಇದ್ರು,” ಎಂದಳು ಡೆಲ್ಫೀನ್. “ಸೆಕೆಗೆ ಹಂಗೇ ಅಂಟ್ಕೊಂಡಿದೆ. ಬೈದೆ ಅವ್ರಿಗೆ.”

“ಬೈಸ್ಕೊಂಡೆ,” ಎಂದು ಎಮ್ಮೆಟ್ ನಕ್ಕ.

ಆದರೆ ಎಡ ಮಡ್‌ಗಾರ್ಡಿನ ಮೇಲೆ, ಆಯಿಲಿನ ಡಬ್ಬಿಗೆ ಹತ್ತಿರದಲ್ಲಿ, ಊಟದ ತಟ್ಟೆಯಷ್ಟು ಜಾಗ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ವರ್ಬೀನಾ ಅದನ್ನು ಮುಟ್ಟಲಿಲ್ಲ, ಏನೂ ಹೇಳಲಿಲ್ಲ. ಬಾನೆಟ್ಟು ಎತ್ತಿಸಿ ಡಬ್ಬಿಯ ಮುಚ್ಚಳ ತೆಗೆಸಿದರು. ಎರಡೂ ಕೋಣೆಯಲ್ಲಿ ನೇರಳೆ ಬಣ್ಣದ ಆಯಿಲು.

“ಇದು ಹೊಸ ಥರದ್ದು,” ಎಂದಳು ಡೆಲ್ಫೀನ್. “ಮಾಮೂಲಿ ಬ್ರೇಕ್ ಆಯಿಲು ಜೇನಿನ ಬಣ್ಣ ಇರುತ್ತೆ, ಕಾರಿನ ಪೇಂಟಿನ ಮೇಲೆ ಬಿದ್ರೆ ಸುಟ್ಟಂಗೆ ತಿನ್ಬಿಡುತ್ತೆ. ಇದು ಏನೂ ಮಾಡಲ್ಲ. ತಂದಿದ್ದ ಎರಡು ಬಾಟ್ಲೂ ಇದಕ್ಕೇ ಖರ್ಚಾಯ್ತು.”

ವರ್ಬೀನಾ ಎರಡೂ ಕೋಣೆಗಳ ಆಯಿಲನ್ನು ಪಿಚಕಾರಿಯಿಂದ ತಳದವರೆಗೆ ಎಳೆಸಿ, ಬೇರೆ ಬೇರೆ ಗಾಜಿನ ಜಾಡಿಗಳಿಗೆ ತುಂಬಿಸಿಕೊಂಡು ಕೈಚೀಲಕ್ಕೆ ಸೇರಿಸಿದರು.

ಅಲ್ಲಿಂದ ಹೊರೇಸ್‌ನ ಮನೆಗೆ ಹೋದೆವು. ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ವರಾಂಡದಲ್ಲಿ ಕೂತಿದ್ದ.

“ಗಾಡಿ ಹೊರಡೋವಾಗ ಏನಾದ್ರೂ ಬೇರೆ ಥರ ಕಾಣ್ತಾ, ಹೊರೇಸ್?”

“ಕಾಣ್ದೇ ಏನು? ಮೂಗು ಎತ್ಕೊಂಡು ನಿಂತಿದ್ಲು. ಹೊಸ ಸ್ಪ್ರಿಂಗು ಹಾಕಿ ತಗ್ಗಿಸ್ತೀನಿ ಅಂದಿದ್ಲಲ್ಲ ಈ ಹುಡುಗಿ, ಇದೇನು ಎತ್ತರಿಸ್ಬಿಟ್ಟಿದಾಳೆ ಅಂದ್ಕೊಂಡೆ. ಬೀದಿ ಮೂಲೆ ತಲುಪೋ ಹೊತ್ಗೆ ತಾನಾಗೇ ಇಳೀತು.”

“ಬ್ರೇಕು?”

“ಹೊರಡೋಕೆ ಮುಂಚೆ ಒತ್ತಿ ನೋಡ್ದೆ, ಗಟ್ಟಿ ಇತ್ತು.”

“ಒಂದೇ ಸಲ ಒತ್ತಿದ್ಯಾ?”

ಹೊರೇಸ್ ಹುಬ್ಬೇರಿಸಿದ. “ಒಂದ್ಸಲ ಯಾರು ಒತ್ತಾರೆ? ನಲ್ವತ್ತು ವರ್ಷ ಡ್ರಮ್ ಬ್ರೇಕು ತುಳ್ದಿರೋ ಕಾಲು ಇದು. ಟಕ್ ಟಕ್ ಟಕ್, ಮೂರು ಸಲ.”

ವಾಪಸು ಬರುವಾಗ ವರ್ಬೀನಾ ಕಿಟಕಿಯ ಹೊರಗೆ ನೋಡುತ್ತಾ, “ದುಃಖದ ವಿಷಯ, ಕ್ಲೆಮ್,” ಎಂದರು. ಯಾರ ಕೆಲಸ ಎಂದು ನಾನು ಕೇಳಲಿಲ್ಲ.

ನಾಲ್ಕು ಗಂಟೆಗೆ ಎಲ್ಲರೂ ಗ್ಯಾರೇಜಿನಲ್ಲಿ ಸೇರಿದೆವು. ಥರ್ಮನ್ ಗೇಲ್ ಇಸ್ತ್ರಿ ಹಾಕಿದ ಕ್ಲಬ್ಬಿನ ಅಂಗಿಯಲ್ಲಿ ಬಂದಿದ್ದ. ಹಳೆಯ ಕಾರಿಗೆ ಕಾರ್ಖಾನೆ ಕೊಟ್ಟ ಒಂದು ಮೊಳೆ ಬದಲಿಸಿದರೂ ಅವನಿಗೆ ಸಹಿಸಲಾಗದು.

“ಪೆನ್ನು ತಂದಿದೀನಮ್ಮ,” ಎಂದ.

“ಕಿವಿ ಕೆರ್ಕೊಳ್ಳೋಕೆ ಇಟ್ಕೊಳ್ಳಿ,” ಎಂದಳು ಡೆಲ್ಫೀನ್.

“ನೋಡಿ ಸಿಸ್ಟರ್, ಈ ಪೊಗರೇ ಬೇಡ ಅನ್ನೋದು. ಹಳೇ ಬ್ರೇಕೇ ಇದ್ದಿದ್ರೆ ಹೊರೇಸ್ ಕೈ ಮುರೀತಿರ್ಲಿಲ್ಲ.”

“ನಿಜ,” ಎಂದರು ವರ್ಬೀನಾ. “ಹಳೇ ಒಂಟಿ ಡಬ್ಬಿಯೇ ಇದ್ದು, ಅದಕ್ಕೆ ಹೀಗಾಗಿದ್ದಿದ್ರೆ, ಕೈ ಮುರೀತಿರ್ಲಿಲ್ಲ. ಹೊರೇಸ್‌ನ ಶವಪೆಟ್ಟಿಗೆ ಹಿಂದೆ ನಾವು ಹಾಡ್ತಾ ಹೋಗ್ತಿದ್ವಿ. ಮುಂದಿನ ಬ್ರೇಕು ಸತ್ತಾಗ ಹಿಂದಿನವು ಹಿಡಿದಿವೆ, ರಸ್ತೆ ಮೇಲೆ ಗುರುತಿದೆ. ನೀವು ಬೈಯೋ ಆ ಎರಡು ಕೋಣೆಯ ಡಬ್ಬಿಯೇ ಅವನನ್ನ ಉಳಿಸಿದ್ದು. ಕೂತ್ಕೊಳ್ಳಿ ಥರ್ಮನ್.”

ಥರ್ಮನ್ ಕೂತ.

“ಮೊದಲನೇದು, ಮೂಗು. ಗಾಡಿಯನ್ನ ಜಾಕ್ ಹಾಕಿ ಎತ್ತಿ ಇಳಿಸಿದ್ರೆ ಚಕ್ರಗಳು ಒಳಗೆ ಎಳ್ಕೊಂಡು, ತಕ್ಷಣ ತನ್ನ ಎತ್ತರಕ್ಕೆ ಕೂರಲ್ಲ. ಹತ್ತಾರು ಗಜ ಉರುಳಿದ ಮೇಲೇ ಇಳಿಯೋದು. ಡೆಲ್ಫೀನ್ ಗಾಡಿ ಓಡಿಸಿ ತಂದು ನಿಲ್ಸಿದ್ಲು; ಅವಳು ಅಳೆದ ಎತ್ತರ ಗೋಡೆ ಮೇಲಿದೆ. ಮಾರನೇ ದಿನ ಹೊರೇಸ್ ನೋಡಿದಾಗ ಮೂಗು ಮೇಲಿತ್ತು. ಅಂದ್ರೆ ಅವಳು ಹೋದ ಮೇಲೆ ಯಾರೋ ಮುಂಭಾಗ ಎತ್ತಿದಾರೆ. ಚಕ್ರದ ಹಿಂದಿನ ಸ್ಕ್ರೂ ಬಿಚ್ಚಿ, ಆಯಿಲು ಇಳಿಸಿ, ಕೊಳವೆಗೆ ಗಾಳಿ ಸೇರಿಸಿ, ಮತ್ತೆ ಬಿಗಿ ಮಾಡಿದಾರೆ.”

“ಹಂಗಾದ್ರೆ ಪೆಡಲ್ಲು ಒತ್ತಿದ ತಕ್ಷಣ ಗೊತ್ತಾಗ್ಬೇಕಿತ್ತಲ್ಲ?” ಎಂದ ಥರ್ಮನ್.

“ಗೊತ್ತಾಗಲಿ ಅಂತಲೇ ಮಾಡಿದ್ದು. ಗಾಡಿ ಅಂಗಳದಲ್ಲೇ ನಿಲ್ಲಬೇಕು, ಡೆಲ್ಫೀನಳ ಮಾನ ಹೋಗಬೇಕು, ಅಷ್ಟೇ. ಆದ್ರೆ ಹೊರೇಸ್ ಹಳೇ ಅಭ್ಯಾಸಕ್ಕೆ ಮೂರು ಸಲ ತುಳಿದ. ಗಾಳಿ ಇದ್ರೂ ಹಾಗೆ ತುಳಿದ್ರೆ ಪೆಡಲ್ಲು ಸ್ವಲ್ಪ ಹೊತ್ತು ಗಟ್ಟಿಯಾಗುತ್ತೆ. ಇಳಿಜಾರಲ್ಲಿ ಬಸ್ಸು ಎದುರು ಬಂದಾಗ ಮೂರು ಸಲ ತುಳಿಯೋಕೆ ಯಾರಿಗೆ ಸಮಯ ಇರುತ್ತೆ?”

ಹೊರೇಸ್ ತನ್ನ ಬೂಟುಗಳನ್ನು ನೋಡಿಕೊಂಡ.

ವರ್ಬೀನಾ ಕೈಚೀಲದಿಂದ ಎರಡು ಜಾಡಿಗಳನ್ನು ತೆಗೆದು ಬೆಳಕಿಗೆ ಇಟ್ಟರು. ಒಂದರಲ್ಲಿ ತಳದಿಂದ ತುದಿಯವರೆಗೆ ನೇರಳೆ. ಇನ್ನೊಂದರಲ್ಲಿ ಕೆಳಗೆಲ್ಲ ಜೇನಿನ ಬಣ್ಣ, ಮೇಲೆ ಬೆರಳ ದಪ್ಪ ನೇರಳೆಯ ಪದರ. ನಡುವೆ ಗೆರೆ ಎಳೆದಂತೆ.

“ಇದು ಮುಂದಿನ ಚಕ್ರಗಳ ಕೋಣೆಯದು. ಹೊಸ ಆಯಿಲು, ಹಳೇದು ಬೆರೆಯೋದೇ ಇಲ್ಲ. ಹೊಸದು ಮೇಲೆ ತೇಲುತ್ತೆ. ಅವನ ಹತ್ರ ನೇರಳೆ ಇರ್ಲಿಲ್ಲ. ಮಾಮೂಲಿದು ಸುರಿದ. ತಳದಲ್ಲಿ ಉಳಿದಿದ್ದ ನೇರಳೆ ಮೇಲೆ ಬಂತು, ಎಲ್ಲಾ ನೇರಳೆ ಆಯ್ತು ಅಂತ ಸಮಾಧಾನದಿಂದ ಮುಚ್ಚಳ ಹಾಕಿದ. ಥರ್ಮನ್, ನೀವಾಗಿದ್ರೆ ಹಾಗೆ ಅಂದ್ಕೋತಿದ್ರಾ?”

“ಥೂ! ನನ್ನ ಪ್ರದರ್ಶನದ ಕಾರಿಗೆ ಐದು ವರ್ಷದಿಂದ ನೇರಳೆಯೇ ಹಾಕ್ತಿರೋದು. ಬೆರೆಯಲ್ಲ ಅಂತ ನನಗ್ಗೊತ್ತು.” ಹೇಳಿದ ಮೇಲೆ ಥರ್ಮನ್‌ನ ಮುಖ ಕೆಂಪಾಯಿತು.

“ಕಾರ್ಖಾನೆ ಕೊಟ್ಟಿದ್ದೇನಲ್ಲ ಅದು,” ಎಂದಳು ಡೆಲ್ಫೀನ್.

“ಹಾಗಾಗಿ ಇದು ಥರ್ಮನ್ ಕೆಲಸ ಅಲ್ಲ,” ಎಂದು ವರ್ಬೀನಾ ಮುಂದುವರಿಸಿದರು. “ಒಂದು ಡಬ್ಬಿಗೆ ಚೂರು ಬಣ್ಣ ಹಾಕಿದ್ರೆ ಇಡೀ ಡಬ್ಬಿ ಅದೇ ಬಣ್ಣಕ್ಕೆ ತಿರುಗುತ್ತೆ ಅನ್ನೋದು ಮೆಕ್ಯಾನಿಕ್ ಯೋಚನೆ ಅಲ್ಲ. ಜೀವಮಾನವೆಲ್ಲ ಬಣ್ಣ ಕಲಸಿದವನ ಯೋಚನೆ.”

ಡೆಲ್ಫೀನ್ ಎಮ್ಮೆಟ್‌ನ ಕಡೆ ತಿರುಗಿದಳು. ಪಕ್ಕದ ಬಣ್ಣದ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು.

“ಸುರಿಯೋವಾಗ ಎಡ ಮಡ್‌ಗಾರ್ಡಿನ ಮೇಲೆ ನಾಲ್ಕು ಹನಿ ಚೆಲ್ತು. ನೇರಳೆ ಚೆಲ್ಲಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಜೇನು ಬಣ್ಣದ್ದು ಚೆಲ್ಲಿದ್ರೆ ತಕ್ಷಣ ನೀರಲ್ಲಿ ತೊಳೀಬೇಕು, ಚರ್ಮದ ಬಟ್ಟೆಯಲ್ಲಿ ಒತ್ತಬೇಕು. ಧೂಳು ಹಿಡಿದ ಗಾಡಿಯಲ್ಲಿ ತಟ್ಟೆಯಷ್ಟು ಜಾಗ ತೊಳೆದು ಹೊಳೀತಿದೆ. ಈ ಕಡೆ ಬೀಗ ಬಿದ್ದಿತ್ತು. ನಡುವಿನ ಬಾಗಿಲ ಚಿಲಕ ನಿನ್ನ ಕಡೆಗಿದೆ. ಒಬ್ಬ ಮನುಷ್ಯನ ಬ್ರೇಕು ಕೀಳೋಕೆ ನಿನ್ನ ಕೈ ನಡುಗಲಿಲ್ಲ, ಎಮ್ಮೆಟ್. ನೀನು ಬಳಿದ ಬಣ್ಣಕ್ಕೆ ಕಲೆಯಾಗೋದನ್ನ ಮಾತ್ರ ನೋಡೋಕಾಗಲಿಲ್ಲ. ನಿನ್ನ ಪಿಕಪ್ ಗಾಡಿಯ ಸೀಟಿನ ಹಿಂದೆ ಮಾಮೂಲಿ ಬ್ರೇಕ್ ಆಯಿಲಿನ ಅರ್ಧ ಖಾಲಿಯಾದ ಡಬ್ಬಿ ಇದೆ. ಕಿಟಕಿಯಿಂದಲೇ ಕಾಣುತ್ತೆ.”

ಎಮ್ಮೆಟ್ ತಲೆ ತಗ್ಗಿಸಲಿಲ್ಲ. “ಇಪ್ಪತ್ತೆರಡು ವರ್ಷ,” ಎಂದ. “ಈ ಶೆಡ್ಡಿನ ಒಂದೊಂದು ತಗಡೂ ನಾನು ಹೊಡ್ದಿದ್ದು. ಕೊನೇಗಾಲದಲ್ಲಿ ಇವಳಪ್ಪ ಇದನ್ನ ನನಗೆ ಕೊಡ್ಬೇಕಿತ್ತು. ಕೊಟ್ಟಿದ್ದು ಯಾರಿಗೆ? ಸ್ಪ್ಯಾನರ್ ಹಿಡ್ಕೊಂಡು ಆಟ ಆಡ್ತಿದ್ದ ಮಗಳಿಗೆ! ಹೊರೇಸ್, ನಿಂಗೆ ಏಟಾಗ್ಲಿ ಅಂತ ನಾನು…”

“ನನ್ ಜೊತೆ ಮಾತಾಡ್ಬೇಡ,” ಎಂದ ಹೊರೇಸ್.

ಡೆಲ್ಫೀನ್ ಎಮ್ಮೆಟ್‌ನ ಎದುರು ಹೋಗಿ ನಿಂತಳು. ಅಳುತ್ತಾಳೆ ಎಂದುಕೊಂಡೆ. ಅವಳ ದನಿ ಕಾಯರಿನಲ್ಲಿದ್ದಷ್ಟೇ ಗಟ್ಟಿಯಾಗಿತ್ತು.

“ನನಗೆ ಹನ್ನೆರಡು ವರ್ಷ ಇದ್ದಾಗ ಈ ಸ್ಪ್ಯಾನರ್ ಹಿಡಿಯೋದು ಹೇಳ್ಕೊಟ್ಟಿದ್ದು ನೀವೇ ಅಂಕಲ್. ಅದನ್ನ ನಾನು ಮರೆಯಲ್ಲ. ಇವತ್ತಿಂದು ಕೂಡ ಮರೆಯಲ್ಲ. ಹೋಗಿ, ಪೊಲೀಸಿಗೆ ನೀವೇ ಹೇಳಿ. ಬ್ರದರ್ ಕ್ಲೆಮ್ ಕರ್ಕೊಂಡು ಹೋಗ್ತಾರೆ.”

ಎಮ್ಮೆಟ್‌ನನ್ನು ನಾನೇ ಠಾಣೆಗೆ ಕರೆದೊಯ್ದೆ. ಮರಳಿ ಬಂದಾಗ ಆರು ಗಂಟೆಯ ಬಿಸಿಲು ಶೆಡ್ಡಿನೊಳಗೆ ಉದ್ದಕ್ಕೆ ಬಿದ್ದಿತ್ತು. ಥರ್ಮನ್ ತನ್ನ ಹಾಳೆಯನ್ನು ಎಂಟಾಗಿ ಮಡಚಿ ಜೇಬಿಗೆ ತುರುಕುತ್ತಿದ್ದ.

“ಬರೋ ಶನಿವಾರ ಕ್ಲಬ್ಬಿನ ಹಳೇ ಕಾರುಗಳ ಮೆರವಣಿಗೆಗೆ ದೆಬೋರಾ ಬರ್ಲಿ,” ಎಂದ ಗಂಟಲು ಸರಿಮಾಡಿಕೊಂಡು. “ಆದ್ರೆ ಬಲಗಡೆ ಇಷ್ಟು ನುಗ್ಗಾಗಿರೋವಾಗ…”

“ನುಗ್ಗಾಗಿದ್ರೆ ನುಗ್ಗಾಗೇ ಬರ್ತಾಳೆ,” ಎಂದ ಹೊರೇಸ್. “ಎಲ್ರಿಗಿಂತ ಮುಂದೆ. ನೋಡೋರು ನೋಡ್ಲಿ.”

“ಮೊದ್ಲು ಕೊಳವೆಗಳನ್ನೆಲ್ಲ ತೊಳೆದು, ಹೊಸ ಆಯಿಲು ಹಾಕಿ ಗಾಳಿ ತೆಗೀಬೇಕು,” ಎಂದಳು ಡೆಲ್ಫೀನ್. ಬಿಳಿ ಉಡುಪಿನ ಮೇಲೆ ಆಗಲೇ ಕೆಲಸದ ಅಂಗಿ ಏರಿಸಿದ್ದಳು. “ನೀವೂ ನೇರಳೆಯೇ ಹಾಕೋದು ಅಂದ್ರಲ್ಲ, ಅಧ್ಯಕ್ಷರೇ? ತನ್ನಿ. ಈ ಕೆಲಸಕ್ಕೆ ಇಬ್ರು ಬೇಕು. ಒಬ್ರು ಕೆಳಗೆ, ಒಬ್ರು ಪೆಡಲ್ಲಿನ ಮೇಲೆ.”

ಥರ್ಮನ್ ನಮ್ಮೆಲ್ಲರ ಮುಖ ನೋಡಿದ. ವರ್ಬೀನಾ ಕೈಚೀಲದಲ್ಲಿ ಏನೋ ಹುಡುಕುವವರಂತೆ ನಟಿಸಿದರು.

ಅರ್ಧ ಗಂಟೆಯಲ್ಲಿ ಅವನು ಬಾಟಲಿಗಳೊಂದಿಗೆ ಬಂದ. ಕ್ಲಬ್ಬಿನ ಅಂಗಿಯ ತೋಳು ಮಡಚಿ ದೆಬೋರಾಳ ಸೀಟಿನಲ್ಲಿ ಕೂತ. ಡೆಲ್ಫೀನ್ ಚಕ್ರದ ಹಿಂದೆ ಮಲಗಿಕೊಂಡಳು. ಚರ್ಚಿನಲ್ಲಿ ಸಭಾಪಾಲಕರು ಒಂದು ಸಾಲು ಹೇಳಿ, ಸಭೆ ಮರುಸಾಲು ಹೇಳುವುದನ್ನು ನಾನು ಅರವತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಅಂದು ಆ ಶೆಡ್ಡಿನಲ್ಲೂ ಟೋಪಿ ತೆಗೆದು ನಿಂತು ಕೇಳಿದೆ.

“ಒತ್ತಿ!”

“ಒತ್ತಿದೆ.”

“ಹಿಡೀರಿ!”

“ಹಿಡಿದೆ.”

“ಕೇಳಿಸ್ಲಿಲ್ಲ ಅಧ್ಯಕ್ಷರೇ,” ಎಂದಳು ಅವಳು ಗಾಡಿಯ ಕೆಳಗಿನಿಂದ. “ಬೀದಿಗೆ ಕೇಳೋ ಹಾಗೆ ಹೇಳಿ.”